ಕಥೆಯ ನಡುವೆ ಪದದ ಅರ್ಥ ಕೇಳಬೇಕೇ, ಬೇಡವೇ?

ಪ್ರಶ್ನೆ: ಒಂಬತ್ತು ವರ್ಷದ ಮಗಳ ತಾಯಿ

ನನ್ನ ಮಗಳಿಗೆ ಅಕ್ಷರ ಕೂಡಿಸಿ ಓದಲು ಬಂದ ದಿನದಿಂದಲೂ ಕಥೆಪುಸ್ತಕವೆಂದರೆ ಪ್ರಾಣ. ಇಷ್ಟೆಲ್ಲ ಓದುವವಳ ಪದಸಂಪತ್ತೂ ಅದಕ್ಕೆ ತಕ್ಕಂತೆ ಬೆಳೆಯಲಿ ಎಂಬ ಆಸೆಯಿಂದ ಕೆಲವು ತಿಂಗಳ ಹಿಂದೆ ನಾನೊಂದು ಕ್ರಮವನ್ನು ರೂಢಿಗೆ ತಂದೆ. ಓದುವಾಗ ತಿಳಿಯದ ಪದ ಬಂದರೆ ಪೆನ್ಸಿಲ್‌ನಲ್ಲಿ ಅಡಿಗೆರೆ ಎಳೆಯಬೇಕು. ಅಧ್ಯಾಯ ಮುಗಿದ ಮೇಲೆ ಆ ಪದಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿ, ನಿಘಂಟು ನೋಡಿ ಅರ್ಥ ಬರೆದು, ಒಂದೊಂದಕ್ಕೂ ಸ್ವಂತ ವಾಕ್ಯ ರಚಿಸಬೇಕು. ಮೊದಲ ಎರಡು ವಾರ ಹುರುಪಿನಿಂದಲೇ ಮಾಡಿದಳು. ಬರುಬರುತ್ತ ಅಡಿಗೆರೆಗಳು ಕಡಿಮೆಯಾದವು. ಪದಗಳು ತಾವಾಗಿ ತಿಳಿಯತೊಡಗಿವೆ ಎಂದು ನಾನು ಸಂತೋಷಪಟ್ಟೆ. ಮೊನ್ನೆ ಅವಳು ಓದಿ ಮುಗಿಸಿದ ಪುಟವೊಂದರಲ್ಲಿ ‘ಕಂಗೆಟ್ಟು’ ಎಂಬ ಪದ ಕಂಡು ಅದರ ಅರ್ಥ ಕೇಳಿದೆ, ಅವಳಿಗೆ ತಿಳಿದಿರಲಿಲ್ಲ. ಗೆರೆ ಏಕೆ ಎಳೆಯಲಿಲ್ಲ ಎಂದಾಗ, “ಗೆರೆ ಎಳೆದರೆ ಬರೀಬೇಕಲ್ಲಮ್ಮ” ಎಂದಳು. ಈಚೆಗೆ ಹೊಸ ಪುಸ್ತಕ ಕೊಟ್ಟರೂ ಬದಿಗಿಟ್ಟು, ಹಿಂದೆ ಹತ್ತಾರು ಸಲ ಓದಿದವುಗಳನ್ನೇ ಮತ್ತೆ ಹಿಡಿಯುತ್ತಿದ್ದಾಳೆ. ಅವುಗಳಲ್ಲಿ ಬರೆದುಕೊಳ್ಳಬೇಕಾದ ಪದಗಳು ಉಳಿದಿಲ್ಲವೆಂಬುದೇ ಅದಕ್ಕೆ ಕಾರಣವಿರಬೇಕು.

ಆ ಮಾತು ನನ್ನನ್ನು ಬಿಡದೆ ಕಾಡುತ್ತಿದೆ. ನೋಟ್‌ಬುಕ್ಕನ್ನು ನಿಲ್ಲಿಸಿಬಿಟ್ಟರೆ, ಕಥೆಯನ್ನು ಸುಮ್ಮನೆ ಓದುವುದರಿಂದಲೇ ಪದಗಳು ದಕ್ಕುತ್ತವೆಯೇ ಅಥವಾ ಅವಳು ಅವನ್ನು ದಾಟಿಕೊಂಡು ಹೋಗಿಬಿಡುತ್ತಾಳೆಯೇ? ನಡುವೆ ನಾನು ಅರ್ಥ ಹೇಳುವುದು ಸರಿಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಪ್ರಾಥಮಿಕ ಶಾಲೆಯ ಶಿಕ್ಷಕಿ

ನಿಮ್ಮ ಮಗಳು ಇದ್ದದ್ದನ್ನು ಇದ್ದಂತೆ ಹೇಳಿದ್ದಾಳೆ. ನೀವದನ್ನು ಕಿವಿಗೊಟ್ಟು ಕೇಳಿದ್ದೀರಿ. ಹಾಗಾಗಿ ಸರಿಪಡಿಸುವುದು ಕಷ್ಟವಾಗಲಾರದು. ನಾನೂ ತರಗತಿಯಲ್ಲಿ ಹಲವು ವರ್ಷ ಇಂಥದೇ ನೋಟ್‌ಬುಕ್ ಬರೆಸಿದ್ದೇನೆ. ಅರ್ಥ ಬರೆದುಕೊಂಡ ಪದಗಳು ಮಕ್ಕಳ ಮಾತಿಗೂ ಬರಲಿಲ್ಲ, ಬರಹಕ್ಕೂ ಬರಲಿಲ್ಲ. ನಿಘಂಟು ಕೊಡುವ ಅರ್ಥ ಹೆಚ್ಚಾಗಿ ಇನ್ನೊಂದು ಕಠಿಣ ಪದವೇ ಆಗಿರುತ್ತದೆ. ಅದರ ಮೇಲೆ ನಮ್ಮ ನುಡಿಯಲ್ಲಿ ಮತ್ತೊಂದು ತೊಡಕಿದೆ: ಪುಟದಲ್ಲಿ ಕಾಣುವ ರೂಪವೇ ಬೇರೆ, ನಿಘಂಟಿನಲ್ಲಿರುವ ರೂಪವೇ ಬೇರೆ. ‘ಕಂಗೆಟ್ಟು’ ಎಂಬುದನ್ನು ತಿಳಿಯಲು ‘ಕಂಗೆಡು’ ಎಂದು ಹುಡುಕಬೇಕೆನ್ನುವುದು ಒಂಬತ್ತು ವರ್ಷದ ಮಗುವಿಗೆ ಹೊಳೆಯುವ ಸಂಗತಿಯಲ್ಲ. ಅದರ ಬದಲು, ಇದು ‘ಕಣ್ಣು’ ಮತ್ತು ‘ಕೆಡು’ ಸೇರಿ ಆದ ಪದ, ಮುಂದಿನ ದಾರಿ ಕಾಣದಂತಾದ ಸ್ಥಿತಿ ಎಂದು ನೀವು ಒಮ್ಮೆ ಹೇಳಿದರೆ, ಅವಳು ಅದನ್ನು ಬಹುಕಾಲ ಮರೆಯುವುದಿಲ್ಲ.

ಸುಮ್ಮನೆ ಓದಿದರೆ ಪದ ದಕ್ಕುತ್ತದೆಯೇ ಎಂದು ಕೇಳಿದ್ದೀರಿ. ದಕ್ಕುತ್ತದೆ, ಆದರೆ ನಿಧಾನವಾಗಿ. ಸ್ವಾನ್‌ಬೋರ್ನ್ ಮತ್ತು ಡಿ ಗ್ಲಾಪರ್ ಎಂಬ ಸಂಶೋಧಕರು ಅದುವರೆಗೆ ನಡೆದಿದ್ದ ಹಲವು ಪ್ರಯೋಗಗಳನ್ನು 1999ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಓದಿನಲ್ಲಿ ಎದುರಾಗುವ ಅಪರಿಚಿತ ಪದಗಳಲ್ಲಿ ಸರಾಸರಿ ಶೇ. 15ರಷ್ಟನ್ನು ವಿದ್ಯಾರ್ಥಿಗಳು ಯಾರೂ ಹೇಳಿಕೊಡದೆಯೇ ಕಲಿಯುತ್ತಾರೆಂದು ಕಂಡುಬಂತು. ಇದು ಅಲ್ಪವೆನ್ನಿಸಬಹುದು, ಆದರೆ ದಿನವೂ ಓದುವ ಮಗು ಒಂದು ವರ್ಷದಲ್ಲಿ ಎಷ್ಟು ಹೊಸ ಪದಗಳ ಎದುರು ಹಾದುಬರುತ್ತದೆಂದು ಯೋಚಿಸಿದರೆ, ಆ ಗಳಿಕೆ ಯಾವ ನೋಟ್‌ಬುಕ್ಕಿನಲ್ಲೂ ಹಿಡಿಸುವಂಥದ್ದಲ್ಲ.

ಇನ್ನು ಅರ್ಥ ಹೇಳುವ ವಿಚಾರ. ನ್ಯೂಜಿಲೆಂಡಿನ ವಾರ್ವಿಕ್ ಎಲ್ಲಿ 1989ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಬಹಳ ನೆಚ್ಚಿಕೊಂಡಿದ್ದೇನೆ. ಶಿಕ್ಷಕರು ಒಂದೇ ಕಥೆಯನ್ನು ಮೂರು ಸಲ ಗಟ್ಟಿಯಾಗಿ ಓದಿ ಹೇಳಿದರು. ಯಾವ ವಿವರಣೆಯೂ ಇಲ್ಲದೆ ಕೇಳಿದ ಮಕ್ಕಳು ಹೊಸ ಪದಗಳಲ್ಲಿ ಸುಮಾರು ಶೇ. 15ರಷ್ಟನ್ನು ಕಲಿತರೆ, ಓದುತ್ತಲೇ ಚಿತ್ರ ತೋರಿಸಿ, ಸಮಾನಪದ ಸೇರಿಸಿ, ಒಂದಿಷ್ಟು ಅಭಿನಯಿಸಿ ತಿಳಿಸಿದಾಗ ಕಲಿಕೆ ಸುಮಾರು ಶೇ. 40ಕ್ಕೆ ಏರಿತು. ವಿವರಣೆಗಾಗಿ ಅಲ್ಲಿ ಪಾಠವನ್ನೇನೂ ಮಾಡಲಿಲ್ಲ. ಕಥೆಯ ಓಟ ಕಡಿಯದಂತೆ ಒಂದು ಮಾತು ಸೇರಿಸಿದರು, ಅಷ್ಟೆ. “ಹುಡುಗ ಕಂಗೆಟ್ಟು ನಿಂತ, ಏನು ಮಾಡಲೂ ತೋಚಲಿಲ್ಲ ಅವನಿಗೆ” ಎಂದು ಅದೇ ದನಿಯಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡಿ. ಅವಳು ಕೇಳಿದರೆ ಮಾತ್ರ ನಿಲ್ಲಿಸಿ.

ಎಲ್ಲ ಪದಗಳಿಗೂ ಹೀಗೆ ಮಾಡಬೇಕಾಗಿಲ್ಲ. ಇಸಬೆಲ್ ಬೆಕ್ ಮತ್ತು ಮಾರ್ಗರೆಟ್ ಮೆಕಿಯೊನ್ ಅವರು ಪದಗಳನ್ನು ಮೂರು ಸ್ತರಗಳಾಗಿ ನೋಡುತ್ತಾರೆ. ‘ಹಸಿವು’, ‘ಮರ’ದಂಥ ದಿನಬಳಕೆಯವು ಮಗುವಿಗೆ ಮಾತಿನಿಂದಲೇ ಬಂದಿರುತ್ತವೆ. ‘ದ್ಯುತಿಸಂಶ್ಲೇಷಣೆ’ಯಂಥವು ಆಯಾ ಪಾಠದ ಜೊತೆಗೇ ಬರುತ್ತವೆ. ನಡುವಿನ ಸ್ತರದ ‘ಹಿಂಜರಿ’, ‘ತಬ್ಬಿಬ್ಬು’, ‘ಹವಣಿಸು’, ‘ನಿರ್ಲಕ್ಷ್ಯ’ ಮುಂತಾದವು ಒಂದು ಕಥೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಎಲ್ಲ ಬಗೆಯ ಬರಹಕ್ಕೂ ಜೊತೆಗೆ ಬರುವ ಪದಗಳು. ಒಂದು ಅಧ್ಯಾಯದಲ್ಲಿ ಇಂಥ ಎರಡನ್ನು ಆಯ್ದುಕೊಂಡರೆ ಧಾರಾಳವಾಯಿತು.

ಓದಿದ್ದನ್ನೇ ಮತ್ತೆ ಓದುತ್ತಾಳೆಂದು ಚಿಂತಿಸಬೇಡಿ. 2011ರಲ್ಲಿ ಜೆಸ್ಸಿಕಾ ಹೋರ್ಸ್ಟ್ ಮತ್ತು ಸಂಗಡಿಗರು ಮೂರು ವರ್ಷದ ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಹೊಸ ಪದಗಳನ್ನು ಬೇರೆ ಬೇರೆ ಕಥೆಗಳಲ್ಲಿ ಕೇಳಿದವರಿಗಿಂತ ಒಂದೇ ಕಥೆಯಲ್ಲಿ ಮತ್ತೆ ಮತ್ತೆ ಕೇಳಿದವರೇ ಅವನ್ನು ಚೆನ್ನಾಗಿ ಕಲಿತರು. ನಿಮ್ಮ ಮಗಳು ದೊಡ್ಡವಳು, ನಿಜ. ಆದರೂ ಕಥೆಯ ಮುಂದಿನ ತಿರುವು ಗೊತ್ತಿದ್ದಾಗ ಗಮನ ಪದಗಳ ಕಡೆಗೆ ಹರಿಯುವುದನ್ನು ನಾನು ದೊಡ್ಡ ಮಕ್ಕಳಲ್ಲೂ ಕಂಡಿದ್ದೇನೆ.

ಉತ್ತರ: ಮಕ್ಕಳ ಕಥೆಗಾರ

ಬರೆಯುವವನ ಕಡೆಯಿಂದ ಒಂದು ಮಾತು. ಮಕ್ಕಳಿಗೆ ಕಷ್ಟವಾಗುತ್ತದೆಂದು ಪದವನ್ನು ಬದಲಿಸಲು ಸಂಪಾದಕರು ಆಗಾಗ ಹೇಳುತ್ತಾರೆ. ಒಮ್ಮೆ ನನ್ನ ಕಥೆಯ ‘ತಬ್ಬಿಬ್ಬಾದಳು’ ಎಂಬುದು ‘ಗಾಬರಿಯಾದಳು’ ಎಂದು ಅಚ್ಚಾಗಿತ್ತು. ಆ ಹುಡುಗಿಗೆ ಭಯವೇ ಆಗಿರಲಿಲ್ಲ. ಅನಿರೀಕ್ಷಿತ ಪ್ರಶ್ನೆಗೆ ಉತ್ತರ ತೋಚದೆ ನಿಂತಿದ್ದಳು. ಪದ ಬದಲಾದ ಕೂಡಲೇ ಅವಳು ಬೇರೆಯೇ ಹುಡುಗಿಯಾಗಿಬಿಟ್ಟಳು. ಮಕ್ಕಳು ಪದವನ್ನು ಕಲಿಯುವಾಗ ಇಂಥ ಸೂಕ್ಷ್ಮ ವ್ಯತ್ಯಾಸವನ್ನೂ ಕಲಿಯುತ್ತಾರೆ. ‘ಗಾಬರಿ’ ಒಂದನ್ನೇ ಕೊಡುತ್ತ ಹೋದರೆ ತಮ್ಮ ಮನಸ್ಸಿನಲ್ಲಿ ಆಗುವುದನ್ನು ಹೆಸರಿಸಲು ಅವರಿಗೆ ಅದೊಂದೇ ಪದ ಉಳಿಯುತ್ತದೆ.

ಹಾಗೆಂದು ಕಡಿಮೆ ಪದಗಳ ಪುಸ್ತಕಗಳನ್ನು ನಾನು ಹಳಿಯುವುದಿಲ್ಲ. 1957ರಲ್ಲಿ ಡಾ. ಸ್ಯೂಸ್ ಬರೆದ ಟೋಪಿ ಹಾಕಿದ ಬೆಕ್ಕಿನ ಪುಸ್ತಕದಲ್ಲಿರುವುದು ಕೇವಲ 236 ಬೇರೆ ಬೇರೆ ಪದಗಳು. ಆಗತಾನೇ ಓದಲು ಕಲಿಯುವ ಮಕ್ಕಳು ಸ್ವತಃ ಓದಿ ಮುಗಿಸಲೆಂದು ಅದನ್ನು ಅಷ್ಟು ಬಿಗಿಯಾಗಿ ಕಟ್ಟಲಾಗಿತ್ತು. ಅದರ ಕೆಲಸವೇ ಬೇರೆ. ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲು, 1909ರಲ್ಲಿ, ಬಿಯಾಟ್ರಿಕ್ಸ್ ಪಾಟರ್ ತಮ್ಮ ಮೊಲದ ಮರಿಗಳ ಕಥೆಯೊಂದರ ಆರಂಭದಲ್ಲೇ ‘ಸೋಪೊರಿಫಿಕ್’ ಎಂಬ ಭಾರವಾದ ಪದವನ್ನು ನಿಸ್ಸಂಕೋಚವಾಗಿ ಇಟ್ಟಿದ್ದರು. ಲೆಟಿಸ್ ಸೊಪ್ಪು ಹೆಚ್ಚು ತಿಂದರೆ ಆಗುವ ಪರಿಣಾಮಕ್ಕೆ ಅವರು ಕೊಟ್ಟ ಹೆಸರು ಅದು. ಪದದ ಅರ್ಥ ನಿದ್ದೆ ಬರಿಸುವಂಥದ್ದು ಎಂದು. ಸೊಪ್ಪು ತಿಂದ ಮೊಲದ ಮರಿಗಳು ಮುಂದೆ ಮಲಗಿಬಿಡುತ್ತವೆ, ಕಥೆಯ ಅಪಾಯವೆಲ್ಲ ಆ ನಿದ್ದೆಯಿಂದಲೇ ಹುಟ್ಟುತ್ತದೆ. ಆದ್ದರಿಂದ ಪದದ ಅರ್ಥ ತಿಳಿಯದೆ ಯಾವ ಮಗುವೂ ಆ ಕಥೆಯಿಂದ ಹೊರಗೆ ಬರಲಾರದು. ನಾನು ಬರೆಯುವಾಗ ಪಾಲಿಸಲು ಯತ್ನಿಸುವ ನಿಯಮವೂ ಇದೇ: ಕಠಿಣ ಪದವನ್ನು ಕಥೆಯೇ ಹೊತ್ತುಕೊಂಡು ನಡೆಯಬೇಕು. ಅಜ್ಜಿ ಕತ್ತಲೆಯಲ್ಲಿ ಕನ್ನಡಕಕ್ಕಾಗಿ ತಡಕಾಡುವಾಗ ಅವಳ ಕೈ ಹಾಸಿಗೆಯ ಮೇಲೆ, ದಿಂಬಿನ ಕೆಳಗೆ, ಗೋಡೆಯ ಗೂಡಿನಲ್ಲಿ ಸರಿದಾಡಿದ್ದನ್ನು ಬರೆದರೆ ‘ತಡಕಾಡು’ ಎಂಬುದಕ್ಕೆ ಅಡಿಟಿಪ್ಪಣಿ ಬೇಕಾಗುವುದಿಲ್ಲ. ‘ಹುಡುಕಾಟ’, ‘ಓಡಾಟ’ ಗೊತ್ತಿರುವ ಮಗು ಅಲ್ಲಿಂದ ‘ತಡಕಾಟ’, ‘ಪರದಾಟ’, ‘ಹೊಯ್ದಾಟ’ಗಳಿಗೆ ತಾನೇ ದಾರಿ ಮಾಡಿಕೊಳ್ಳುತ್ತದೆ, ಒಂದು ಪದ ತಿಳಿದರೆ ಅದರ ಬಳಗವೇ ಹಿಂದೆ ಬರುತ್ತದೆ.

ಉತ್ತರ: ಓದಲು ಕಷ್ಟಪಡುವ ಮಗನ ತಂದೆ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ಇವೆಲ್ಲವೂ ಆಗಲೇ ಓದುವ ಹುಚ್ಚು ಹತ್ತಿರುವ ಮಗುವಿಗೆ ಹೇಳಿದ ಮಾತುಗಳು. ಪುಟದಲ್ಲಿ ಹತ್ತಕ್ಕೆ ಎರಡು ಪದ ತಿಳಿಯದ ಮಗುವಿಗೆ ‘ಸಂದರ್ಭದಿಂದ ಊಹಿಸು’ ಎಂದರೆ ಊಹಿಸಲು ಸಂದರ್ಭವೇ ಉಳಿದಿರುವುದಿಲ್ಲ. ಪದ ಬಲ್ಲವರು ಹೆಚ್ಚು ಓದಿ ಇನ್ನಷ್ಟು ಪದ ಗಳಿಸುತ್ತಾರೆ, ಬಾರದವರು ಓದನ್ನೇ ಬಿಟ್ಟು ಇನ್ನಷ್ಟು ಹಿಂದೆ ಬೀಳುತ್ತಾರೆ. ಕೀತ್ ಸ್ಟಾನೊವಿಚ್ 1986ರಲ್ಲಿ ಇದನ್ನು ‘ಮ್ಯಾಥ್ಯೂ ಪರಿಣಾಮ’ ಎಂದು ವಿವರಿಸಿದರು. ನನ್ನ ಮಗನಿಗೆ ಕೆಲವು ಪದಗಳನ್ನು ಕಥೆಗೆ ಮೊದಲೇ ನೇರವಾಗಿ ಹೇಳಿಕೊಡಬೇಕಾಗುತ್ತದೆ. ಇಲ್ಲವಾದರೆ ಅವನು ಮೂರನೆಯ ಸಾಲಿನಲ್ಲೇ ಪುಸ್ತಕ ಮುಚ್ಚುತ್ತಾನೆ.

ನಮಗೆ ನಿಜವಾಗಿ ನೆರವಾದದ್ದು ಗಟ್ಟಿಯಾಗಿ ಓದಿ ಹೇಳುವುದು. ಸ್ವತಃ ಓದಿ ಅರಿಯಲಾಗದ್ದನ್ನೂ ಅವನು ಕೇಳಿ ಅರಿಯಬಲ್ಲ. ಮನೆಯ ಮಾತು ಎಷ್ಟೇ ಚೆನ್ನಾಗಿದ್ದರೂ ಅದು ಪುಸ್ತಕದ ಸ್ಥಾನವನ್ನು ತುಂಬುವುದಿಲ್ಲ. ಹೇಯ್ಸ್ ಮತ್ತು ಆರೆನ್ಸ್ 1988ರಲ್ಲಿ ಇಂಗ್ಲಿಷಿನ ಬರಹ ಮತ್ತು ಮಾತುಗಳನ್ನು ಎಣಿಸಿ ನೋಡಿದಾಗ, ಮಕ್ಕಳ ಪುಸ್ತಕಗಳಲ್ಲಿ ಪ್ರತಿ ಸಾವಿರಕ್ಕೆ ಸುಮಾರು 31 ವಿರಳ ಪದಗಳಿದ್ದವು. ಕಾಲೇಜು ಓದಿದ ವಯಸ್ಕರು ತಮ್ಮವರೊಡನೆ ಆಡುವ ಮಾತಿನಲ್ಲಿ ಅವು ಸುಮಾರು 17 ಮಾತ್ರ. ಮಗು ತಾನೇ ಓದಲು ಕಲಿತಿತೆಂದು ಓದಿ ಹೇಳುವುದನ್ನು ನಿಲ್ಲಿಸುವ ತಂದೆ ತಾಯಂದಿರು ಈ ಅಂತರವನ್ನು ಗಮನಿಸಬೇಕೆಂದು ನನ್ನ ವಿನಂತಿ. ಒಂಬತ್ತು ವರ್ಷ ಅದಕ್ಕೆ ಹೆಚ್ಚೇನೂ ಅಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೋಟ್‌ಬುಕ್ಕನ್ನು ನಿಲ್ಲಿಸಿ ಮೂರು ವಾರವಾಯಿತು. ಇನ್ನು ಬರೆಯಬೇಕಾಗಿಲ್ಲವೆಂದು ಹೇಳಿದಾಗ ಅವಳು ಮೊದಲು ನಂಬಲಿಲ್ಲ, “ಆಮೇಲೆ ಎಲ್ಲ ಒಟ್ಟಿಗೆ ಬರೆಸ್ತೀಯಾ?” ಎಂದು ಕೇಳಿದಳು. ಈಗ ರಾತ್ರಿ ಮಲಗುವ ಮುಂಚೆ ಒಂದು ಅಧ್ಯಾಯವನ್ನು ನಾನೇ ಗಟ್ಟಿಯಾಗಿ ಓದುತ್ತೇನೆ, ಎರಡು ಪದಗಳಿಗೆ ಮಾತ್ರ ಓದಿನೊಳಗೇ ಅರ್ಥ ಸೇರಿಸುತ್ತೇನೆ. ಬದಿಗಿಟ್ಟಿದ್ದ ಹೊಸ ಪುಸ್ತಕವನ್ನು ಮೊನ್ನೆ ತಾನಾಗಿ ತೆರೆದಳು.

ಒಂದು ಸಂದೇಹ ಉಳಿದಿದೆ. ಪರೀಕ್ಷಿಸುವುದು ಬೇಡವೆಂದರೆ, ಪದ ಅವಳದಾಗಿದೆಯೆಂದು ತಿಳಿಯುವುದು ಹೇಗೆ? ನಿನ್ನೆ ಅವಳು, “ಅಮ್ಮ, ಹಾಲು ಹಠಾತ್ತನೆ ಇದೆ, ನನಗೆ ಬೇಡ” ಎಂದಳು. ಬಿಸಿಯಾಗಿದೆ ಎಂಬ ಅರ್ಥದಲ್ಲಿ ಹೇಳಿದಳೆಂದು ತೋರುತ್ತದೆ. ತಪ್ಪನ್ನು ತಿದ್ದಲೇ, ಸುಮ್ಮನಿರಲೇ ಎಂದು ತಿಳಿಯದೆ ಲೋಟವನ್ನು ಆರಲು ಇಟ್ಟೆ.

ಉತ್ತರ: ಪ್ರಾಥಮಿಕ ಶಾಲೆಯ ಶಿಕ್ಷಕಿ

ನೀವು ಕೇಳಿದ ಗುರುತು ಇದೇ. ಪದವೊಂದು ಮಗುವಿಗೆ ಒಂದೇ ದಿನದಲ್ಲಿ ಪೂರ್ತಿ ಬರುವುದಿಲ್ಲ. ಮೊದಲು ಅದರ ಸದ್ದು ಪರಿಚಯವಾಗುತ್ತದೆ, ಆಮೇಲೆ ಅದು ಯಾವ ಬಗೆಯ ಸಂದರ್ಭದ್ದೆಂಬ ಮಸುಕಾದ ಅಂದಾಜು ಸಿಗುತ್ತದೆ, ಬಹಳ ಕಾಲದ ನಂತರ ಅದರ ಅಂಚುಗಳು ಸ್ಪಷ್ಟವಾಗುತ್ತವೆ. ‘ಹಠಾತ್ತನೆ’ ಎಂಬುದು ಜೋರಾದ, ಬೆಚ್ಚಿಬೀಳಿಸುವ ಯಾವುದೋ ಅನುಭವಕ್ಕೆ ಸೇರಿದ್ದೆಂದು ಅವಳು ಕಥೆಯಿಂದ ಹಿಡಿದುಕೊಂಡಿದ್ದಾಳೆ. ನಾಲಗೆ ಸುಟ್ಟಾಗ ಆಗುವುದೂ ಅಂಥದೇ ತಾನೇ! ಅಂದಾಜು ಪೂರ್ತಿ ತಪ್ಪಲ್ಲ. ಅದಕ್ಕಿಂತ ಮುಖ್ಯವಾಗಿ, ಯಾರೂ ಕೇಳದೆ ತನ್ನ ಮಾತಿನಲ್ಲಿ ಅದನ್ನು ಇಟ್ಟು ನೋಡುವ ಧೈರ್ಯ ಮಾಡಿದ್ದಾಳೆ. ಅಡಿಗೆರೆ ಎಳೆಯಲು ಅಂಜುತ್ತಿದ್ದ ಮಗು ಇದು ಎಂಬುದನ್ನು ನೆನಪಿಡಿ.

ತಿದ್ದಬೇಡಿ, ಸುಮ್ಮನೆಯೂ ಇರಬೇಡಿ. ಸರಿಯಾದ ಬಳಕೆಯನ್ನು ಅವಳ ಕಿವಿಗೆ ಬೀಳುವಂತೆ ನೀವೇ ಆಡಿ. ಹಾಲು ಉಕ್ಕಿ ಬಂದಾಗ “ಅಯ್ಯೋ, ಹಠಾತ್ತನೆ ಉಕ್ಕಿತಲ್ಲ, ನೋಡುತ್ತಲೇ ಇದ್ದೆ!” ಎನ್ನಿ; ಕರೆಂಟು ಹೋದಾಗ, ಬಾಗಿಲು ಬಡಿದುಕೊಂಡಾಗ ಇನ್ನೊಮ್ಮೆ ಎನ್ನಿ. ಕೆಲವು ದಿನಗಳ ನಂತರ ಆ ಪದವಿದ್ದ ಅಧ್ಯಾಯವನ್ನೇ ಅವಳೆದುರು ಮತ್ತೊಮ್ಮೆ ಗಟ್ಟಿಯಾಗಿ ಓದಿ, ಆ ಸಾಲಿನಲ್ಲಿ ಮಾತ್ರ ಅರ್ಥವನ್ನು ಸೇರಿಸದೆ ಮುಂದೆ ಸಾಗಿ.