55 ಮೀಟರ್ ಉದ್ದದ ಹುಳು ನಿಜವಾಗಿಯೂ ಇತ್ತೇ?

ಪ್ರಶ್ನೆ: ನಮಸ್ಕಾರ ಮೇಡಂ. ನೀಲಿ ತಿಮಿಂಗಿಲಕ್ಕಿಂತಲೂ ಉದ್ದವಾದ 55 ಮೀಟರಿನ ಹುಳುವೊಂದು ಸ್ಕಾಟ್ಲೆಂಡಿನಲ್ಲಿ ಸಿಕ್ಕಿತ್ತೆಂದು ಮಗಳ ಪುಸ್ತಕದಲ್ಲಿ ಓದಿದೆ. ಈ ಅಳತೆಯನ್ನು ನಂಬಬಹುದೇ?

ಉತ್ತರ: ನಮಸ್ಕಾರ. ನೀವು ಓದಿರುವುದು ಲಿನಿಯಸ್ ಲಾಂಗಿಸಿಮಸ್ ಎಂಬ ರಿಬ್ಬನ್ ಹುಳುವಿನ ಬಗ್ಗೆ. ಬ್ರಿಟನ್, ನಾರ್ವೆ ಮತ್ತು ಸ್ವೀಡನ್ನಿನ ಕರಾವಳಿಗಳಲ್ಲಿ ಕಲ್ಲುಗಳ ಅಡಿಯಲ್ಲೋ ಕೆಸರಿನಲ್ಲೋ ಸುರುಳಿ ಸುತ್ತಿಕೊಂಡಿರುವ ಇದು ಕಂದುಗಪ್ಪು ಬಣ್ಣದ್ದಾಗಿದ್ದು, ಅಗಲ ಒಂದು ಸೆಂಟಿಮೀಟರನ್ನು ದಾಟುವುದು ಅಪರೂಪ.

1864ರಲ್ಲಿ ಬಿರುಗಾಳಿಯ ನಂತರ ಸೇಂಟ್ ಆಂಡ್ರೂಸ್ ದಡಕ್ಕೆ ಬಂದು ಬಿದ್ದಿದ್ದ ಒಂದು ಹುಳುವನ್ನು ಪ್ರಾಣಿವಿಜ್ಞಾನಿ ವಿಲಿಯಂ ಮೆಕಿಂಟಾಷ್ ದಾಖಲಿಸಿದರು. ತುಂಡಾಗದಂತೆ 30 ಗಜ, ಅಂದರೆ ಸುಮಾರು 27 ಮೀಟರ್ ಅಳೆದ ಮೇಲೂ ಅರ್ಧದಷ್ಟು ಕೂಡ ಬಿಚ್ಚಿಕೊಂಡಿರಲಿಲ್ಲವೆಂದು ಅವರು ಬರೆದಿದ್ದಾರೆ. 55 ಮೀಟರ್ ಎಂಬ ಸಂಖ್ಯೆಯ ಮೂಲ ಈ ಮಾತಿನಲ್ಲಿದೆ. ಹಾಗಾಗಿ ಅದು ಪೂರ್ತಿ ಅಳೆದು ಪಡೆದ ಸಂಖ್ಯೆಯಲ್ಲ, ಅಂದಾಜು. ಇದಕ್ಕಿಂತ ದೊಡ್ಡ ತೊಡಕೆಂದರೆ, ಗಟ್ಟಿಯಾದ ಅಸ್ಥಿಪಂಜರವಿಲ್ಲದ ಈ ಮೃದು ದೇಹವು ಸ್ನಾಯುಗಳ ಬಲದಿಂದ ಬಹಳಷ್ಟು ಕುಗ್ಗಬಲ್ಲದು, ಹಿಗ್ಗಬಲ್ಲದು. ಎಳೆದು ಹಿಡಿದು ಅಳೆದ ಉದ್ದವನ್ನು ಅದರ ಸಹಜ ಉದ್ದವೆನ್ನಲಾಗದು. ಸಾಮಾನ್ಯವಾಗಿ ಸಿಗುವ ಹುಳುಗಳು 5ರಿಂದ 15 ಮೀಟರ್ ಇರುತ್ತವೆ. ಬೆರಳಿನಷ್ಟೂ ದಪ್ಪವಿಲ್ಲದ ಜೀವಿಗೆ ಅದೇ ಅಚ್ಚರಿಯ ಉದ್ದ. ಮಗಳಿಗೆ ಹೇಳುವಾಗ "ಅತ್ಯಂತ ಉದ್ದದ ಪ್ರಾಣಿಗಳಲ್ಲಿ ಒಂದು" ಎಂದರೆ ತಪ್ಪಾಗದು.

ಪ್ರಶ್ನೆ: ಧನ್ಯವಾದಗಳು. ಇದು ವಿಷಕಾರಿ ಎಂಬುದೂ ಪುಸ್ತಕದಲ್ಲಿದೆ. ಇಷ್ಟು ಮೆತ್ತಗಿನ ಹುಳು ಕಚ್ಚುತ್ತದೆಯೇ?

ಉತ್ತರ: ಕಚ್ಚುವುದಿಲ್ಲ. ತಲೆಯ ತುದಿಯಿಂದ ಹೊರಚಾಚುವ ಉದ್ದನೆಯ ಸೊಂಡಿಲನ್ನು ಬೇಟೆಗೆ ಸುತ್ತಿ ಹಿಡಿಯುತ್ತದೆ. ಕೆಲವು ರಿಬ್ಬನ್ ಹುಳುಗಳ ಸೊಂಡಿಲಿನಲ್ಲಿರುವ ಚೂಪಾದ ಮುಳ್ಳು ಈ ಜಾತಿಯಲ್ಲಿಲ್ಲ. ವಿಷವಿರುವುದು ಮೈಯಿಂದ ಒಸರುವ, ಘಾಟು ವಾಸನೆಯ ಲೋಳೆಯಲ್ಲಿ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಸಹೋದ್ಯೋಗಿಗಳೊಂದಿಗೆ 2018ರಲ್ಲಿ ಪ್ರಕಟಿಸಿದ ಅಧ್ಯಯನವು ಆ ಲೋಳೆಯಲ್ಲಿ ನೆಮರ್ಟೈಡ್‌ಗಳೆಂಬ ಪೆಪ್ಟೈಡ್ (ಪ್ರೋಟೀನಿನಂಥ ಚಿಕ್ಕ ಅಣು) ವಿಷಗಳನ್ನು ಗುರುತಿಸಿತು. ನರಕೋಶಗಳ ಸೋಡಿಯಂ ವಾಹಿನಿಗಳು (ನರಸಂಕೇತಕ್ಕಾಗಿ ತೆರೆದು ಮುಚ್ಚುವ ಸೂಕ್ಷ್ಮ ದ್ವಾರಗಳು) ಸಕಾಲದಲ್ಲಿ ಮುಚ್ಚದಂತೆ ಇವು ತಡೆಯುವುದರಿಂದ, ಅತ್ಯಲ್ಪ ಪ್ರಮಾಣದ ಚುಚ್ಚುಮದ್ದಿನಿಂದಲೇ ಏಡಿಗಳಿಗೆ ಲಕವಾ ಹೊಡೆದು ಅವು ಸತ್ತವು. ಸಸ್ತನಿಗಳ ವಾಹಿನಿಗಳಿಗಿಂತ ಕೀಟಗಳ ವಾಹಿನಿಗಳ ಮೇಲೆ ಇದರ ಪ್ರಭಾವ ಬಹಳ ಹೆಚ್ಚು. ಹೊಸ ಬಗೆಯ ಕೀಟನಾಶಕದ ಹುಡುಕಾಟದಲ್ಲಿ ಈ ಹುಳುವಿಗೆ ಮಹತ್ವ ಬಂದಿರುವುದು ಆ ಕಾರಣಕ್ಕೆ. ಆದರೂ ಆ ಕರಾವಳಿಯಲ್ಲಿ ಇದನ್ನು ಕಂಡವರು ಬರಿಗೈಯಲ್ಲಿ ಮುಟ್ಟದಿರುವುದೇ ಒಳ್ಳೆಯದು.