ಸಹಾಯ ಬೇಕು: ಪ್ರತಿ ಕೆಟಗರಿಯ ಟಾಪ್ 3, ಟೈ ಆದಾಗ ಏನ್ ಮಾಡೋದು?

ಎಲ್ರಿಗೂ ನಮಸ್ಕಾರ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದು ಸೇಲ್ಸ್ ಟೇಬಲ್ ಇದೆ, ಪ್ರತಿ ಕೆಟಗರಿಲೂ ಜಾಸ್ತಿ ಮಾರಾಟ ಆದ 3 ಐಟಂ ಬೇಕು. ಪಾರ್ಟಿಷನ್ ಬೈ ಕೆಟಗರಿ, ಆರ್ಡರ್ ಬೈ ಮೊತ್ತ ಡೆಸೆಂಡಿಂಗ್ ಕೊಟ್ಟಿದೀನಿ (ಅಂದ್ರೆ ಕೆಟಗರಿ ಪ್ರಕಾರ ಗುಂಪು, ಜಾಸ್ತಿ ಮೊತ್ತ ಮೊದಲು), ಸಾಲು ಫಿಲ್ಟರ್ ಮಾಡೋ ವೇರ್ ಒಳಗೆ ವಿಂಡೋ ಫಂಕ್ಷನ್ (ಗುಂಪಿನೊಳಗೆ ಸಾಲುಗಳಿಗೆ ನಂಬರ್ ಕೊಡೋ ಥರದ್ದು) ಬಿಡಲ್ವಲ್ಲ ಅದಕ್ಕೆ ಸಬ್‌ಕ್ವೆರಿ (ಕ್ವೆರಿ ಒಳಗಿನ ಕ್ವೆರಿ) ಮಾಡಿ ಹೊರಗಡೆ ನಂಬರ್ 3ರವರೆಗೆ ಅಂತ ಫಿಲ್ಟರ್ ಹಾಕಿದೀನಿ, ಅಲ್ಲೀವರೆಗೂ ಓಕೆ.

ತಲೆನೋವು ಇರೋದು ಟೈ ಆದಾಗ, ಅಂದ್ರೆ ಎರಡು ಐಟಂ ಮೊತ್ತ ಒಂದೇ ಇದ್ದಾಗ. 900, 700, 700, 500 ಇದ್ರೆ ರ‍್ಯಾಂಕ್ 1, 2, 2, 4 ಕೊಡುತ್ತೆ, ಡೆನ್ಸ್ ರ‍್ಯಾಂಕ್ 1, 2, 2, 3 ಕೊಡೋದ್ರಿಂದ ನಾಲ್ಕು ಸಾಲು ಬಂದ್ಬಿಡುತ್ತೆ, ರೋ ನಂಬರ್ ಮೂರೇ ಕೊಡುತ್ತೆ ಆದ್ರೆ ಎರಡು 700ರಲ್ಲಿ ಯಾವುದು ಮೊದಲು ಬರುತ್ತೆ ಅನ್ನೋದಕ್ಕೆ ಗ್ಯಾರಂಟಿನೇ ಇಲ್ಲ.

ರಿಪೋರ್ಟ್ ನೋಡೋರಿಗೆ ಪ್ರತಿ ಸಲ ಒಂದೇ ಆರ್ಡರ್ ಕಾಣ್ಬೇಕು, ಇದು ನಂಗೆ ತುಂಬಾ ಮುಖ್ಯ. ಆರ್ಡರ್ ಬೈ ಕೊನೇಲಿ ಪ್ರೈಮರಿ ಕೀ (ಪ್ರತಿ ಸಾಲಿಗೂ ಬೇರೆಬೇರೆ ಇರೋ ಐಡಿ) ಸೇರಿಸಿದ್ರೆ ಸಾಕಾ? ಟೇಬಲ್ ದೊಡ್ಡದಿದೆ, ಕೆಟಗರಿ ಮತ್ತೆ ಮೊತ್ತ ಸೇರಿಸಿ ಇಂಡೆಕ್ಸ್ (ಬೇಗ ಹುಡುಕೋಕೆ ಜೋಡಿಸಿಟ್ಟ ಪಟ್ಟಿ) ಮಾಡಿದ್ರೆ ಬೇರೆ ಸಾರ್ಟ್ ಮಾಡೋ ಅಗತ್ಯ ಇರಲ್ವಾ, ಇಲ್ಲಾ ಲ್ಯಾಟರಲ್ ಜಾಯಿನ್ (ಪ್ರತಿ ಕೆಟಗರಿಗೂ ಬೇರೆಬೇರೆಯಾಗಿ ಸಬ್‌ಕ್ವೆರಿ ಓಡಿಸೋದು) ಬೆಟರಾ? ಗೊತ್ತಿರೋರು ದಯವಿಟ್ಟು ಹೇಳಿ.