ಮುತ್ತಜ್ಜ ಯಾವ ಊರಿನಿಂದ ಬಂದರು, ಯಾವಾಗ ತೀರಿಕೊಂಡರು: ಹಳೆಯ ಉತಾರ, ವರ್ದಿ ಮತ್ತು ಮೋಡಿ ಕಾಗದಗಳಿಂದ ತಿಳಿಯಬಹುದೇ?

ಪ್ರಶ್ನೆ (ಬರೆದವರು: ಹಾವೇರಿಯ ಮರಿಮಗ)

ಎಲ್ಲರಿಗೂ ನಮಸ್ಕಾರ. ನನ್ನ ಮುತ್ತಜ್ಜನ, ಎಂದರೆ ನನ್ನ ತಂದೆಯ ಅಜ್ಜನ, ಬದುಕಿನ ಬಗ್ಗೆ ಖಚಿತವಾಗಿ ಏನನ್ನಾದರೂ ತಿಳಿಯಬೇಕೆಂಬ ಹಂಬಲ ನನಗೆ ಬಹಳ ವರ್ಷಗಳಿಂದ ಇದೆ. ಕಳೆದ ಬೇಸಿಗೆಯಲ್ಲಿ ಊರಿನ ಹಳೆಯ ಮನೆಯ ಅಟ್ಟವನ್ನು ಖಾಲಿ ಮಾಡುವಾಗ ಒಂದು ತಾಮ್ರದ ಕೊಡ ಸಿಕ್ಕಿತು. ಹುಣಸೆಹಣ್ಣು ಹಾಕಿ ತಿಕ್ಕಿದಾಗ ಅದರ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕುಟ್ಟಿದ ಅಕ್ಷರಗಳು ಕಾಣಿಸಿದವು: ಮೊದಲು ಮುತ್ತಜ್ಜನ ಹೆಸರು, ಅದರ ಮುಂದೆ ‘ಶಕೆ 1820 ವಿಳಂಬಿ’. ಕೊಡದ ಪಕ್ಕದಲ್ಲೇ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದಗಳ ಒಂದು ಗಂಟು ಇತ್ತು. ಅದರಲ್ಲಿ ಹೆಚ್ಚಿನವು ನಮಗೆ ಯಾರಿಗೂ ಓದಲು ಬಾರದ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ.

ಮನೆಯಲ್ಲಿ ಉಳಿದಿರುವ ನೆನಪು ಇಷ್ಟೇ. ‘ಧಾತು ವರ್ಷದ ಬರದಾಗ ಹುಟ್ಟಿದ ಕೂಸು, ದೊಡ್ಡ ಬ್ಯಾನಿಯೊಳಗ ಹೋದ’ ಎಂದು ನನ್ನ ಅಜ್ಜಿ ತನ್ನ ಮಾವನ ಬಗ್ಗೆ ಹೇಳುತ್ತಿದ್ದಳು. ದೊಡ್ಡ ಬ್ಯಾನಿ ಎಂದರೆ ಪ್ಲೇಗ್ ಎಂದೇ ನಾವೆಲ್ಲ ತಿಳಿದುಕೊಂಡು ಬಂದಿದ್ದೇವೆ. ಅವರು ಈಗಿನ ಊರಿಗೆ ಚಿಕ್ಕವರಿದ್ದಾಗ ಬೇರೆ ಕಡೆಯಿಂದ ಬಂದವರು ಎಂಬುದೂ ಮಾತಿನಲ್ಲಿದೆ. ನಮ್ಮ ಅಡ್ಡಹೆಸರು ನಾಲ್ಕೈದು ಹರದಾರಿ ದೂರದ ಒಂದು ಹಳ್ಳಿಯ ಹೆಸರೇ ಆಗಿದೆ, ಆದರೆ ಆ ಹಳ್ಳಿಗೆ ಹೋಗಿ ವಿಚಾರಿಸಿದಾಗ ಅಲ್ಲಿ ಆ ಅಡ್ಡಹೆಸರಿನ ಒಂದು ಮನೆಯೂ ಇಲ್ಲವೆಂದು ತಿಳಿದು ನಿರಾಶೆಯಾಯಿತು.

ನನ್ನ ಕೈಯಲ್ಲಿರುವ ಅತಿ ಹಳೆಯ ಸರ್ಕಾರಿ ದಾಖಲೆಯೆಂದರೆ 1950ರ ದಶಕದ ಒಂದು ಉತಾರ (ಹೊಲದ ಹಕ್ಕುದಾಖಲೆಯ ಪ್ರತಿ), ಅದರಲ್ಲಿ ನನ್ನ ಅಜ್ಜನ ಹೆಸರು ಮಾತ್ರ ಇದೆ. ಅಲ್ಲಿಂದ ಹಿಂದಕ್ಕೆ ಹೋಗುವ ದಾರಿ ಯಾವುದು, ಮತ್ತು ಮನೆಮನೆಗೆ ಬರುವ ಹೆಳವರು ಹೇಳುವ ವಂಶಾವಳಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಬರೆದವರು: ನಿವೃತ್ತ ಭೂಮಾಪಕ)

ತಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು. ಕಂದಾಯ ಕಚೇರಿಗೆ ಹೋಗಿ ‘ನಮ್ಮ ಮುತ್ತಜ್ಜನ ದಾಖಲೆ ಕೊಡಿ’ ಎಂದರೆ ಯಾರಿಗೂ ಕೊಡಲು ಆಗುವುದಿಲ್ಲ, ಏಕೆಂದರೆ ಅಲ್ಲಿನ ಪುಸ್ತಕಗಳು ಮನುಷ್ಯರ ಹೆಸರಿನಿಂದ ಜೋಡಿಸಿದವುಗಳಲ್ಲ, ಊರು ಮತ್ತು ಸರ್ವೆ ನಂಬರಿನಿಂದ ಜೋಡಿಸಿದವು. ಆದ್ದರಿಂದ ತಾವು ಹುಡುಕಬೇಕಾದದ್ದು ಮುತ್ತಜ್ಜನನ್ನಲ್ಲ, ಹೊಲವನ್ನು. ಹೊಲದ ಹಿಂದೆ ಹೋದರೆ ಅವರು ತಾವಾಗಿಯೇ ಸಿಗುತ್ತಾರೆ.

ತಮ್ಮ ಉತಾರದಲ್ಲಿ ಕಬ್ಜೇದಾರರ ಹೆಸರಿನ ಹತ್ತಿರ ಒಂದು ಸಂಖ್ಯೆ ಬರೆದಿರುತ್ತದೆ. ಅದು ಆ ಹೆಸರು ದಾಖಲಾಗಲು ಕಾರಣವಾದ ವರ್ದಿಯ, ಎಂದರೆ ಹೆಸರು ಬದಲಾವಣೆಯ ನೋಂದಣಿಯ, ನಂಬರು. ಆ ವರ್ದಿಯನ್ನು ತೆಗೆಸಿದರೆ ಯಾರ ಹೆಸರು ಕಡಿಮೆಯಾಗಿ ಯಾರ ಹೆಸರು ಬಂತು, ಖರೀದಿಯಿಂದ ಬಂತೋ, ವಾಟಣಿಯಿಂದ (ಪಾಲಿನಿಂದ) ಬಂತೋ, ವಾರಸಾದಿಂದ ಬಂತೋ ಎಂಬುದು ತಿಳಿಯುತ್ತದೆ. ಕಡಿಮೆಯಾದ ಹೆಸರಿಗೂ ಹಿಂದೊಂದು ವರ್ದಿ ಇರುತ್ತದೆ. ಹೀಗೆ ಒಂದರ ಬಾಲ ಹಿಡಿದು ಇನ್ನೊಂದಕ್ಕೆ ಹೋಗಬೇಕು. ತಮ್ಮ ಜಿಲ್ಲೆ 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತು, 1956ಕ್ಕೆ ಮೊದಲು ಮುಂಬಯಿ ಪ್ರಾಂತದಲ್ಲಿತ್ತು. ಮುಂಬಯಿ ಸರ್ಕಾರವು ಹಕ್ಕುದಾಖಲೆಯ ಪದ್ಧತಿಯನ್ನು 1903ರ ಕಾಯ್ದೆಯಿಂದ ಜಾರಿಗೆ ತಂದಿತು. ಆದ್ದರಿಂದ ವರ್ದಿಗಳ ದಾರಿಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಹೋಗಬಹುದು, ಅದಕ್ಕಿಂತ ಹಿಂದಿನದಕ್ಕೆ ಸರ್ವೆಯ ಕಾಗದಪತ್ರಗಳೇ ಗತಿ.

ಹಳೆಯ ವರ್ದಿ ಓದುವಾಗ ಕೆಲವು ಶಬ್ದಗಳು ಗೊತ್ತಿರಬೇಕು. ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ, ‘ಮಯತ’ ಎಂದರೆ ತೀರಿಕೊಂಡವರು. ಹೆಸರಿನ ಮುಂದೆ ‘ಅ.ಪಾ.ಕ.’ ಎಂದಿದ್ದರೆ ಅಜ್ಞಾನ ಪಾಲನಕರ್ತ ಎಂದು ಓದಿಕೊಳ್ಳಬೇಕು. ಇಲ್ಲಿ ಅಜ್ಞಾನ ಎಂದರೆ ತಿಳಿವಳಿಕೆ ಇಲ್ಲದವನು ಎಂದಲ್ಲ, ಪ್ರಾಯಕ್ಕೆ ಬಾರದವನು ಎಂದು. ಈ ಮೂರು ಅಕ್ಷರಗಳು ವಯಸ್ಸನ್ನು ಲೆಕ್ಕ ಹಾಕಲು ಬಹಳ ಉಪಯೋಗಕ್ಕೆ ಬರುತ್ತವೆ: ಆ ವರ್ದಿಯ ದಿನ ಆ ವಾರಸುದಾರನಿಗೆ 18 ವರ್ಷ ತುಂಬಿರಲಿಲ್ಲ ಎಂದಾಯಿತು.

ಒಂದು ಎಚ್ಚರಿಕೆಯ ಮಾತು. ನಮ್ಮ ಕಡೆ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದರಿಂದ ‘ಬಸಪ್ಪ ಬಿನ್ ವೀರಪ್ಪ’, ‘ವೀರಪ್ಪ ಬಿನ್ ಬಸಪ್ಪ’, ಮತ್ತೆ ‘ಬಸಪ್ಪ ಬಿನ್ ವೀರಪ್ಪ’ ಎಂದು ಹೆಸರುಗಳು ಸುತ್ತುತ್ತಲೇ ಇರುತ್ತವೆ. ಇಸವಿಯನ್ನು ನೋಡದೆ ಹೆಸರನ್ನು ಮಾತ್ರ ನಂಬಿದರೆ ಮುತ್ತಜ್ಜನ ಬದಲು ಅವರ ಅಜ್ಜನ ಕಾಗದವನ್ನು ಹಿಡಿದುಕೊಂಡು ಬರುವಿರಿ. ನನ್ನ ಸೇವೆಯಲ್ಲಿ ಇಂಥ ತಪ್ಪಿನಿಂದ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ನೋಡಿದ್ದೇನೆ.

ಉತ್ತರ 2 (ಬರೆದವರು: ಮೋಡಿ ಓದುವ ಶಿಕ್ಷಕಿ)

ಕೊಡದ ಮೇಲಿನ ಬರಹದಿಂದ ಆರಂಭಿಸುತ್ತೇನೆ. ಶಾಲಿವಾಹನ ಶಕೆಗೆ 78 ಸೇರಿಸಿದರೆ ಇಸವಿ ಸಿಗುತ್ತದೆ, ಆದ್ದರಿಂದ ಶಕೆ 1820 ಎಂದರೆ 1898ರ ಯುಗಾದಿಯಿಂದ 1899ರ ಯುಗಾದಿಯವರೆಗಿನ ವರ್ಷ. ಇದನ್ನು ಸಂವತ್ಸರದಿಂದ ತಾಳೆ ನೋಡಬೇಕು. 2018ರ ಯುಗಾದಿಗೆ ಬಂದದ್ದು ವಿಳಂಬಿ. ಅದರಿಂದ ಅರವತ್ತು ವರ್ಷಗಳ ಎರಡು ಸುತ್ತು ಹಿಂದಕ್ಕೆ ಹೋದರೆ 1898. ಶಕೆಯೂ ಸಂವತ್ಸರವೂ ಸರಿಯಾಗಿ ಕೂಡುತ್ತವೆ, ಆದ್ದರಿಂದ ಕೊಡದ ವರ್ಷದ ಬಗ್ಗೆ ಸಂಶಯಪಡಬೇಕಾಗಿಲ್ಲ. ಬೇರೆ ಕಾಗದಗಳಲ್ಲಿ ಒಂದು ವರ್ಷದ ವ್ಯತ್ಯಾಸ ಬಂದರೆ ಗಾಬರಿಯಾಗಬೇಡಿ, ಕೆಲವರು ನಡೆಯುತ್ತಿರುವ ವರ್ಷವನ್ನು, ಕೆಲವರು ಕಳೆದ ವರ್ಷವನ್ನು ಎಣಿಸುತ್ತಿದ್ದರು. ‘ಫಸಲಿ’ (ಕಂದಾಯದ ವರ್ಷ) ಎಂದು ಕಂಡರೆ 590 ಸೇರಿಸಿಕೊಳ್ಳಿ.

ಅದೇ ಲೆಕ್ಕದಲ್ಲಿ ಧಾತು ಎಂದರೆ 1876–77, ಅದರ ಮುಂದಿನ ಈಶ್ವರ 1877–78. ಮುಂಬಯಿ, ಮದ್ರಾಸು, ಮೈಸೂರು ಎಲ್ಲ ಕಡೆಗೂ ಹಬ್ಬಿದ ಮಹಾಕ್ಷಾಮದ ವರ್ಷಗಳು ಇವೇ. ಮೈಸೂರು ಸೀಮೆಯೊಂದರಲ್ಲೇ 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಧಾರವಾಡ ಸೀಮೆಯಲ್ಲಿಯೂ ಜನರು ದನಕರುಗಳನ್ನು ಕಳೆದುಕೊಂಡು ನೀರು ಕೂಳು ಇದ್ದ ಕಡೆಗೆ, ಬಂಧುಗಳಿದ್ದ ಕಡೆಗೆ ಹೊರಟುಹೋದರು. ಕೂಸು ಹುಟ್ಟಿದ್ದು ಬರದಲ್ಲಿ, ಊರು ಬಿಟ್ಟದ್ದು ಎಳವೆಯಲ್ಲಿ ಎಂಬ ಎರಡು ಮಾತುಗಳು ಒಂದಕ್ಕೊಂದು ಹೊಂದುತ್ತವೆ, ಹಾಗಾಗಿ ತಮ್ಮ ಅಜ್ಜಿಯವರ ನೆನಪಿಗೆ ನಾನು ಬೆಲೆ ಕೊಡುತ್ತೇನೆ.

ಆದರೆ ‘ದೊಡ್ಡ ಬ್ಯಾನಿ’ಯ ವಿಷಯದಲ್ಲಿ ಅವಸರ ಮಾಡಬಾರದು. ಹುಬ್ಬಳ್ಳಿಯಲ್ಲಿ ಪ್ಲೇಗ್ ಭೀಕರವಾಗಿದ್ದುದು 1898ರಲ್ಲಿ, ಕೊಡದ ಮೇಲಿರುವುದೂ ಅದೇ ವರ್ಷ. ಹೆಸರಿನ ಮುಂದೆ ‘ಸ್ಮರಣಾರ್ಥ’ ಎಂಬಂಥ ಶಬ್ದವಿದ್ದರೆ ಅದು ತೀರಿಕೊಂಡವರ ನೆನಪಿನ ಕೊಡ, ಇಲ್ಲದಿದ್ದರೆ ಸಾಮಾನ್ಯವಾಗಿ ಒಡೆಯನ ಹೆಸರು, ಎಂದರೆ ಆ ವರ್ಷ ಇಪ್ಪತ್ತೆರಡರ ಆಸುಪಾಸಿನ ಅವರು ಬಹುಶಃ ಮದುವೆಯ ಸಂದರ್ಭದಲ್ಲಿ ಅದನ್ನು ಕೊಂಡಿರಬಹುದು. ಅಕ್ಷರಗಳನ್ನು ಇನ್ನೊಮ್ಮೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ಮೋಡಿ ಕಾಗದಗಳನ್ನು ದಯವಿಟ್ಟು ಅಂಟಿನ ಪಟ್ಟಿಯಿಂದ ಜೋಡಿಸಬೇಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬೆಸೆಸಲೂ ಬೇಡಿ. ಮಡಿಕೆಗಳನ್ನು ನಿಧಾನವಾಗಿ ಬಿಡಿಸಿ, ಹಗಲಿನ ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆಯಿರಿ. ಹಿಂಬದಿಯ ಒಂದು ಸಾಲಿನಲ್ಲೇ ಎಷ್ಟೋ ಸಲ ಊರಿನ ಹೆಸರಿರುತ್ತದೆ. ಮೋಡಿಯಲ್ಲಿ ಮೊದಲು ಮೇಲಿನ ಗೆರೆಯನ್ನು ಉದ್ದಕ್ಕೂ ಎಳೆದುಕೊಂಡು, ಆಮೇಲೆ ಲೇಖಣಿಯನ್ನು ಆದಷ್ಟು ಎತ್ತದೆ ಅಕ್ಷರಗಳನ್ನು ತೂಗುಹಾಕಿದಂತೆ ಬರೆಯುತ್ತಾರೆ. ಇಕಾರ, ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ. ಹಾಗಾಗಿ ಮರಾಠಿ ಬಲ್ಲವರು ಓದಿಕೊಟ್ಟರೂ ನಮ್ಮ ಊರು, ಮನೆತನಗಳ ಹೆಸರನ್ನು ತಿದ್ದಿಕೊಳ್ಳಲು ತಾವು ಪಕ್ಕದಲ್ಲಿ ಕುಳಿತಿರಬೇಕು. ಮನೆತನಕ್ಕೆ ಇನಾಮು (ದಾನವಾಗಿ ಬಂದ ಭೂಮಿ) ಅಥವಾ ವತನ (ವಂಶಪಾರಂಪರ್ಯದ ಹುದ್ದೆ, ಅದರ ಭೂಮಿ) ಇತ್ತೆಂದು ಆ ಕಾಗದಗಳಿಂದ ತಿಳಿದುಬಂದರೆ ಮಾತ್ರ ಪೇಶ್ವೆಗಳ ಕಾಲದ ಕಡತಗಳಿರುವ ಪುಣೆಯ ಪೇಶ್ವೆ ದಫ್ತರ, ಮುಂಬಯಿಯ ಪತ್ರಾಗಾರಗಳ ಕಡೆಗೆ ಹೋಗುವುದು ಸಾರ್ಥಕ. ಸಾಮಾನ್ಯ ರೈತರ ಮನೆಯಾದರೆ ತಾಲ್ಲೂಕು ಕಚೇರಿಯ ಹಳೆಯ ದಾಖಲೆಗಳ ಕೋಣೆಯೇ ಹೆಚ್ಚು ಕೊಡುತ್ತದೆ.

ಉತ್ತರ 3 (ಬರೆದವರು: ಬ್ಯಾಡಗಿ ತಾಲ್ಲೂಕಿನ ಸೊಸೆ)

ಅಡ್ಡಹೆಸರಿನ ಬಗ್ಗೆ ಒಂದು ಮಾತು ಹೇಳಬೇಕೆನಿಸಿತು. ಊರಿನ ಹೆಸರು ಅಡ್ಡಹೆಸರಾಗಿ ಅಂಟುವುದು ಆ ಊರನ್ನು ಬಿಟ್ಟುಬಂದವರಿಗೆ. ಅದನ್ನು ಇಡುವವರು ಹೊಸ ಊರಿನವರು. ಮೂಲ ಊರಿನಲ್ಲಿ ಎಲ್ಲರೂ ಆ ಊರಿನವರೇ ಆಗಿರುವಾಗ ಒಬ್ಬರನ್ನು ಊರಿನ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಆದ್ದರಿಂದ ಅಲ್ಲಿ ತಮ್ಮ ಅಡ್ಡಹೆಸರಿನ ಮನೆ ಸಿಗದಿರುವುದು ತಾವು ಸರಿಯಾದ ಊರಿಗೇ ಹೋಗಿದ್ದಿರಿ ಎಂಬುದಕ್ಕೆ ಅನುಕೂಲವಾದ ಸಂಗತಿ, ನಿರಾಶೆಪಡಬೇಡಿ. ಇನ್ನೊಮ್ಮೆ ಹೋದಾಗ ಅಡ್ಡಹೆಸರನ್ನು ಬಿಟ್ಟು ಮನೆದೇವರನ್ನು ಕೇಳಿ. ಊರು ಬಿಟ್ಟವರು ಹೊಲವನ್ನು ಬಿಟ್ಟರೂ ಮನೆದೇವರನ್ನು ಬಿಡುವುದಿಲ್ಲ. ಯಲ್ಲಮ್ಮ, ಮೈಲಾರಲಿಂಗರಂತಹ ದೇವರಾದರೆ ಸಾವಿರಾರು ಮನೆಗಳು ನಡೆದುಕೊಳ್ಳುವುದರಿಂದ ಅಷ್ಟು ಸಹಾಯವಾಗದು, ಆದರೆ ಒಂದೇ ಊರಿನ ಸಣ್ಣ ಗುಡಿಯ ದೇವರಾದರೆ ಅದೇ ದೊಡ್ಡ ಸುಳಿವು.

ಹೆಳವರ ಬಗ್ಗೆ ನನ್ನ ಅನುಭವವನ್ನು ಹೇಳುತ್ತೇನೆ. ನನ್ನ ಗಂಡನ ಮನೆಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬಂದಿದ್ದರು. ಎತ್ತಿನ ಕೊರಳ ಗಂಟೆಯ ಸದ್ದು ಕೇಳಿದೊಡನೆ ನಮ್ಮ ಅತ್ತೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಮೊರದಲ್ಲಿ ಜೋಳ ತುಂಬಿಕೊಂಡು ಬಂದರು. ಹೆಳವರು ಅಂಗಳದಲ್ಲಿ ನಿಂತು ಮೂಲಪುರುಷನಿಂದ ಹಿಡಿದು ಆರೇಳು ತಲೆಮಾರಿನ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಎಂಬಂತೆ ಹೇಳಿದರು, ಆಮೇಲೆ ಚೀಲದಿಂದ ಪುಸ್ತಕ ತೆಗೆದು ನನ್ನ ಮಗನ ಹೆಸರನ್ನು ಬರೆದುಕೊಂಡರು. ನಾನು ಆಮೇಲೆ ವರ್ದಿಗಳ ಜೊತೆ ತಾಳೆ ನೋಡಿದಾಗ ನಾಲ್ಕು ತಲೆಮಾರು ಅಕ್ಷರಶಃ ಸರಿಯಾಗಿತ್ತು. ಯಾವ ಕವಲು ಯಾವ ಊರಿಗೆ ಹೋಯಿತು ಎಂಬ ವಿಷಯದಲ್ಲಿ ಅವರಿಗಿರುವಷ್ಟು ತಿಳಿವಳಿಕೆ ಬೇರೆ ಯಾವ ದಾಖಲೆಯಲ್ಲೂ ನನಗೆ ಸಿಗಲಿಲ್ಲ. ಆದರೆ ಅವರು ಹೇಳಿದ ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರುಗಳು ಇರಲಿಲ್ಲ, ಇಸವಿಗಳೂ ಇರಲಿಲ್ಲ. ಆ ಎರಡನ್ನೂ ವರ್ದಿಯಿಂದಲೇ ತುಂಬಿಕೊಳ್ಳಬೇಕಾಯಿತು.

ಪ್ರತಿ ಹೆಳವ ಮನೆತನಕ್ಕೂ ಇಂತಿಂಥ ಊರು, ಇಂತಿಂಥ ಮನೆ ಎಂದು ಹಂಚಿಕೆ ಇರುತ್ತದೆ. ಹಾಗಾಗಿ ಎದುರು ಸಿಕ್ಕ ಹೆಳವರನ್ನು ಕೇಳಿ ಪ್ರಯೋಜನವಿಲ್ಲ, ತಮ್ಮ ಮನೆತನದ ಹೆಳವರು ಯಾರೆಂದು ಹಿರಿಯರಿಂದ ತಿಳಿದುಕೊಂಡು, ಕಾಳುಕಡಿ, ಬಟ್ಟೆಯ ಮರ್ಯಾದೆಯೊಂದಿಗೆ ಕರೆಸಿಕೊಳ್ಳಿ.

ಪ್ರಶ್ನೆ ಕೇಳಿದವರ ಮರುಬರಹ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಕೊಡದ ಮೇಲೆ ಹೆಸರಿನ ಮುಂದೆ ಸ್ಮರಣೆಯ ಯಾವ ಶಬ್ದವೂ ಇಲ್ಲ. ಮೂರು ಸಲ ಅಲೆದಾಡಿ, ಅರ್ಜಿಯಲ್ಲಿ ಸರ್ವೆ ನಂಬರನ್ನೇ ಬರೆದು, ನಾಲ್ಕು ಹಳೆಯ ವರ್ದಿಗಳ ನಕಲು ಪಡೆದೆ. ಅವುಗಳಲ್ಲಿ ಒಂದು 1919ರದು. ಖಾತೇದಾರ ಮಯತ, ವಾರಸುದಾರರು ಇಬ್ಬರು ಗಂಡುಮಕ್ಕಳು, ಇಬ್ಬರ ಹೆಸರಿನ ಮುಂದೆಯೂ ‘ಅ.ಪಾ.ಕ. ತಾಯಿ’ ಎಂದಿದೆ. ಹಾಗಾದರೆ ಅವರು ಹೋದದ್ದು ಪ್ಲೇಗಿನಲ್ಲಿ ಅಲ್ಲ, 1918ರ ಇನ್‌ಫ್ಲುಯೆಂಜಾದಲ್ಲಿ ಎಂದು ತಿಳಿಯಬಹುದಲ್ಲವೇ?

ಆದರೆ ನಾನು ಬಹಳ ಹೊತ್ತು ನೋಡುತ್ತ ಕುಳಿತದ್ದು ತಾಯಿಯ ಹೆಸರನ್ನು. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ‘ಆಯಿ’ ಎಂದಷ್ಟೇ ಹೇಳುತ್ತಿದ್ದರು, ನನ್ನ ತಂದೆಗೂ ಅವರ ಹೆಸರು ಗೊತ್ತಿರಲಿಲ್ಲ. ವರ್ದಿಯಲ್ಲಿ ಹೆಸರು, ಆಮೇಲೆ ‘ಕೋಂ’, ಆಮೇಲೆ ಮುತ್ತಜ್ಜನ ಹೆಸರು ಇವೆ. ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು ಇದೆ, ಮಸಿ ಒಂದು ಬದಿಗೆ ಸ್ವಲ್ಪ ಹೆಚ್ಚಾಗಿ ಹರಡಿದೆ. ನಕಲನ್ನು ತಂದೆಯವರ ಕೈಗೆ ಕೊಟ್ಟಾಗ ಅವರು ಆ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿದರು.

ಉತ್ತರ 4 (ಬರೆದವರು: ನಿವೃತ್ತ ಭೂಮಾಪಕ)

ತಮ್ಮ ಶ್ರಮ ಫಲಿಸಿದ್ದು ಬಹಳ ಸಂತೋಷದ ವಿಷಯ. ಆದರೂ 1918 ಎಂದು ಈಗಲೇ ಬರೆದಿಡಬೇಡಿ. ವರ್ದಿಯ ತಾರೀಖು ಸಾವಿನ ತಾರೀಖಲ್ಲ, ಸಾವನ್ನು ಚಾವಡಿಗೆ ತಿಳಿಸಿ ಹೆಸರು ಬದಲಿಸಿಕೊಂಡ ತಾರೀಖು. ಮನೆಯಲ್ಲಿ ದೊಡ್ಡವರು ಯಾರೂ ಇಲ್ಲದಿದ್ದಾಗ ಇದು ಎರಡು ಮೂರು ವರ್ಷ ತಡವಾದದ್ದೂ ಉಂಟು. ಮಕ್ಕಳಿಬ್ಬರೂ ಆಗ 18ರ ಕೆಳಗಿದ್ದರು ಎಂಬುದು ಮಾತ್ರ ಖಚಿತ, ಎಂದರೆ ಇಬ್ಬರೂ ಹುಟ್ಟಿದ್ದು 1901ರಲ್ಲಿ ಅಥವಾ ಅದರ ಈಚೆಗೆ. ಆದ್ದರಿಂದ 1898ರ ಪ್ಲೇಗು ಬಿಟ್ಟುಹೋಗುತ್ತದೆ, ಆದರೆ ಪ್ಲೇಗು ಆ ವರ್ಷಕ್ಕೇ ಮುಗಿಯದೆ ನಮ್ಮ ಸೀಮೆಗೆ ಮತ್ತೆ ಮತ್ತೆ ಬರುತ್ತಿತ್ತು.

ಮುಂಬಯಿ ಪ್ರಾಂತದಲ್ಲಿ ಊರಿನ ಅಧಿಕಾರಿಗಳು ಜನನ ಮರಣದ ಪುಸ್ತಕ ಇಡುತ್ತಿದ್ದರು, ಕೆಲವು ತಾಲ್ಲೂಕುಗಳಲ್ಲಿ ಆ ಪುಸ್ತಕಗಳು ಈಗಲೂ ಉಳಿದಿವೆ. ತಮ್ಮ ಊರಿನ 1918ರ ಮರಣದ ಪುಸ್ತಕವನ್ನು ಕೇಳಿ, ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಪುಟಗಳನ್ನು ಮೊದಲು ನೋಡಿ. ಇನ್‌ಫ್ಲುಯೆಂಜಾ ಪ್ರಾಂತದಲ್ಲಿ ಅತಿ ಹೆಚ್ಚು ಜನರನ್ನು ಕೊಂಡೊಯ್ದದ್ದು ಆ ತಿಂಗಳುಗಳಲ್ಲಿ. ಅಲ್ಲಿ ಕಾರಣದ ಕಾಲಮ್ಮಿನಲ್ಲಿ ‘ಜ್ವರ’ ಎಂದಷ್ಟೇ ಇದ್ದರೂ, ಅದೇ ಪುಟದಲ್ಲಿ ಅದೇ ವಾರದ ಬೇರೆ ಹೆಸರುಗಳು ಎಷ್ಟಿವೆ ಎಂದು ಎಣಿಸಿ ಬರೆದುಕೊಳ್ಳಿ. ಅಲ್ಲಿ ಸಿಗದಿದ್ದರೆ ಒಂದೊಂದೇ ವರ್ಷ ಹಿಂದಕ್ಕೆ ಹೋಗಿ. ಉಳಿದ ಮೂರು ವರ್ದಿಗಳ ನಕಲನ್ನೂ ಇಲ್ಲಿ ಹಾಕಿದರೆ, ಆ ಹೊಲ ಅವರಿಗೆ ಯಾರಿಂದ ಬಂತು ಎಂಬುದನ್ನು ಓದಲು ನಾನು ಸಹಾಯ ಮಾಡುತ್ತೇನೆ.